ಚಿತ್ರದಲ್ಲಿಲ್ಲದ ಕಾಲುದಾರಿ

ಆ ಚಿತ್ರವನ್ನು ನಾನು ಮೊದಲು ನೋಡಿದ್ದು ದೊಡ್ಡಮ್ಮನ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ. ಊರಿನ ಆಡಳಿತದವರು ಮನೆಮನೆಗೂ ಅಂಚೆಯಲ್ಲಿ ಕಳಿಸಿದ್ದ ದೊಡ್ಡ ಹಾಳೆ. ಮಡಿಕೆ ಬಿಡಿಸಿದರೆ ಫ್ರಿಜ್ಜಿನ ಮುಕ್ಕಾಲು ಭಾಗ ಮುಚ್ಚುತ್ತಿತ್ತು. ಆಕಾಶದಿಂದ ನೋಡಿದಂತೆ ಇಡೀ ಊರು. ನಡುವೆ, ಮುಂದೆಂದೋ ಕಟ್ಟಲಿರುವ ನಗರಭವನ. ಅದರ ಮೇಲೆ ಗಡಿಯಾರದ ಗೋಪುರ, ಎದುರಿಗೆ ಅಗಲವಾದ ಚೌಕ, ಕಾರಂಜಿ, ಹಿಂದೆ ನೀಲಿ ಕೆರೆ. ಚೌಕದಲ್ಲಿ ಅಕ್ಕಿಕಾಳಿನಷ್ಟು ಮನುಷ್ಯರು; ಕೆಲವರ ಕೈಯಲ್ಲಿ ನಾಯಿ, ಕೆಲವರ ಕೈಯಲ್ಲಿ ಬಲೂನು. ನಿಜವಾದ ಊರಿನಲ್ಲಿ ಆಗ ಆ ಜಾಗದಲ್ಲಿದ್ದದ್ದು ಒಣಹುಲ್ಲಿನ ಬಯಲು ಮತ್ತು ಒಂದು ಟೈರ್ ಅಂಗಡಿ.

ಡಾಲಸ್‌ನಿಂದ ಉತ್ತರಕ್ಕೆ, ಲಿಟಲ್ ಎಲ್ಮ್ ದಾಟಿ ಇನ್ನೂ ಸ್ವಲ್ಪ ದೂರ ಹೋದರೆ ಸಿಗುವ ಊರು ಅದು. ಹೆಸರು ಬೇಡ. ಆ ವರ್ಷಗಳಲ್ಲಿ ಆ ಕಡೆಯ ಊರುಗಳೆಲ್ಲ ಹಾಗೆಯೇ ಇದ್ದವು. ಒಂದು ಸಲ ಹೋದಾಗ ಹೊಲವಾಗಿದ್ದದ್ದು ಮುಂದಿನ ಸಲ ಒಂದೇ ಬಣ್ಣದ ಇಟ್ಟಿಗೆ ಮನೆಗಳ ಸಾಲಾಗಿರುತ್ತಿತ್ತು.

ಆಗ ನಾನು ಆಸ್ಟಿನ್‌ನಲ್ಲಿ ಕಲೆಯ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಕ್ಯಾಂಪಸ್ಸಿನ ಹತ್ತಿರ ಬಾಡಿಗೆ ಕಟ್ಟಲಾಗದೆ ದೂರದ ಫ್ಲೂಗರ್‌ವಿಲ್‌ನಲ್ಲಿ ಒಂದು ಕೋಣೆ ಹಿಡಿದಿದ್ದೆ. ನನ್ನ ವಿಷಯ, ಹದಿನೇಳನೆಯ ಶತಮಾನದ ಡಚ್ ನಗರಗಳ ಮುದ್ರಿತ ಚಿತ್ರಗಳು. ನಮ್ಮವರ ಕೂಟಗಳಲ್ಲಿ ಇದನ್ನು ಹೇಳಿದಾಗ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಒಬ್ಬ ಅಂಕಲ್ ಮಾತ್ರ ಸ್ವಲ್ಪ ಯೋಚಿಸಿ, "ಅಂದ್ರೆ ಆ ಕಾಲದ ಪಿಕ್ಚರ್ ಪೋಸ್ಟ್‌ಕಾರ್ಡು ಅನ್ನು, ಅಮ್ಮಾ" ಎಂದರು. ಹೌದು ಎಂದೆ. ಅದಕ್ಕಿಂತ ಕೆಟ್ಟ ವಿವರಣೆಗಳನ್ನು ನಾನೇ ಸೆಮಿನಾರುಗಳಲ್ಲಿ ಕೊಟ್ಟಿದ್ದೆ.

ತಾಮ್ರದ ಹಲಗೆಯ ಮೇಲೆ ಕೊರೆದು ಕಾಗದಕ್ಕೆ ಒತ್ತಿದ ಚಿತ್ರಗಳು ಅವು. ಕೆಳಗೆ ನದಿ, ಹಡಗುಗಳು. ಅದರಾಚೆ ಒಂದೇ ಗೆರೆಯಲ್ಲಿ ನಿಂತ ಊರು. ಮೇಲೆ ಮೋಡದ ನಡುವೆ ಊರಿನ ಹೆಸರಿನ ಪಟ್ಟಿ, ಊರಿನ ಲಾಂಛನ. ಚಿತ್ರದಲ್ಲಿ ರಾಜನಿಲ್ಲ. ಅವನಿರಬೇಕಾದ ಜಾಗದಲ್ಲಿ ನಗರಭವನ, ವ್ಯಾಪಾರದ ಸರಕು ತೂಗುವ ಮನೆ, ಹೆಬ್ಬಾಗಿಲು. ಊರನ್ನು ಆಳುವುದು ಒಬ್ಬ ಮನುಷ್ಯನಲ್ಲ, ಊರೇ ಊರನ್ನು ಆಳುತ್ತದೆ ಎಂದು ಆ ಚಿತ್ರ ಹೇಳುತ್ತದೆ. ಆಳುತ್ತಿದ್ದದ್ದು ಕೆಲವೇ ಶ್ರೀಮಂತ ಮನೆತನಗಳು ಎಂಬುದನ್ನು ಹೇಳುವುದಿಲ್ಲ. ಚರ್ಮ ಹದ ಮಾಡುವ ಗಬ್ಬು ಓಣಿಗಳು ಚಿತ್ರದಲ್ಲಿ ಮೂಲೆಗೆ ಸರಿದಿರುತ್ತವೆ, ಇಲ್ಲವೇ ಇರುವುದೇ ಇಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಹೊಸ ನಗರಭವನ ಇನ್ನೂ ಕಟ್ಟುತ್ತಿರುವಾಗಲೇ ಪೂರ್ತಿಯಾದ ಭವನದ ಚಿತ್ರಗಳು ಜನರ ಕೈಗೆ ಬಂದಿದ್ದವು. ಅದರ ಪಕ್ಕದ ಚರ್ಚಿನ, ಎಂದೂ ಪೂರ್ತಿಯಾಗದೆ ಹೋದ ಗೋಪುರವೊಂದು ಕೆಲವು ಚಿತ್ರಗಳಲ್ಲಿ ನೆಟ್ಟಗೆ ನಿಂತಿದೆ.

ನನ್ನ ಮಾರ್ಗದರ್ಶಕರು ವಯಸ್ಸಾದ ಹೆಂಗಸು, ಮಾತು ಕಡಿಮೆ. ನಾನು ಬರೆದ ಅಧ್ಯಾಯವನ್ನು ಪ್ರತಿ ಸಲ ಒಂದೇ ಪ್ರಶ್ನೆಯೊಡನೆ ಹಿಂದಿರುಗಿಸುತ್ತಿದ್ದರು: ಚಿತ್ರ ಏನು ತೋರಿಸುತ್ತದೆ ಎಂದು ಹೇಳಿದ್ದೀಯ, ಸರಿ, ನೋಡಿದವರು ಏನು ನೋಡಿದರು ಎಂದು ನಿನಗೆ ಹೇಗೆ ಗೊತ್ತು? ಅಂಥ ಚಿತ್ರಗಳನ್ನು ಜನ ಗೋಡೆಗೆ ಹಾಕಿಕೊಂಡಿದ್ದರು ಎಂಬುದು ಗೊತ್ತಿತ್ತು. ಗೋಡೆಗೆ ಹಾಕಿಕೊಂಡವರು ಅದರ ಮುಂದೆ ನಿಂತು ಏನು ಅಂದುಕೊಂಡರೋ ಎಲ್ಲೂ ಬರೆದಿಟ್ಟಿರಲಿಲ್ಲ. ಆ ಪ್ರಶ್ನೆಯನ್ನು ಹೊತ್ತುಕೊಂಡು ಹ್ಯೂಸ್ಟನ್ನಿನ ಒಂದು ಸಂಗ್ರಹಾಲಯಕ್ಕೆ ಹೋಗಿ ಬಂದು ಮಾಡುತ್ತಿದ್ದೆ. ಅಲ್ಲಿಯ ತಂಪು ಕೋಣೆಯಲ್ಲಿ ಹಾಳೆಗಳನ್ನು ಒಂದೊಂದಾಗಿ ತಂದು ಮುಂದಿಡುತ್ತಿದ್ದರು. ಸಂಜೆ ಹೊರಗೆ ಬಂದರೆ ಕಣ್ಣು ಉರಿಯುತ್ತಿತ್ತು, ಟಿಪ್ಪಣಿಯಲ್ಲಿ ಹೊಸದೇನೂ ಇರುತ್ತಿರಲಿಲ್ಲ.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಮೈಸೂರಿನವಳು. ಚಿಕ್ಕಂದಿನಿಂದ ಒಂದು ಕಣ್ಣಿನ ದೃಷ್ಟಿ ಮಂದವಾದ್ದರಿಂದ ಕಾರು ಓಡಿಸಲು ಕಲಿಯಲಿಲ್ಲ. ಟೆಕ್ಸಸ್‌ನಲ್ಲಿ ಕಾರು ಓಡಿಸದವರು ಮನೆಯೊಳಗಿನ ಸಾಮಾನಿನ ಹಾಗೆ. ಯಾರಾದರೂ ಎತ್ತಿಕೊಂಡು ಹೋದರೆ ಹೋಗುವುದು, ಇಲ್ಲವಾದರೆ ಇದ್ದಲ್ಲೇ ಇರುವುದು. ಆದರೆ ಅವಳ ಮನೆಗೆ ಒಂದು ಅನುಕೂಲವಿತ್ತು. ಬೀದಿಯ ಕೊನೆಯಲ್ಲಿ ಎರಡು ಮನೆಗಳ ಮರದ ಬೇಲಿಗಳ ನಡುವೆ ಒಂದು ಸಂದಿ. ಅದರಲ್ಲಿ ತೂರಿ ಹೋದರೆ ಸಣ್ಣ ತೊರೆಯ ಪಕ್ಕದ ಹುಲ್ಲಿನ ಪಟ್ಟಿ, ಅದರಾಚೆ ಊರಿನ ಲೈಬ್ರರಿ, ಲೈಬ್ರರಿಯ ಎದುರಿಗೆ ನಮ್ಮವರ ಒಂದು ಅಂಗಡಿ. ದಿನವೂ ಬೆಳಿಗ್ಗೆ ಕೊಡೆ ಹಿಡಿದು ಆ ದಾರಿಯಲ್ಲಿ ಹೋಗುತ್ತಿದ್ದಳು. ಲೈಬ್ರರಿಯಲ್ಲಿ ಕೂತು ಪತ್ರಿಕೆಗಳ ಅಡುಗೆಪುಟ ಓದಿ, ಶನಿವಾರ ಅಲ್ಲಿಯದೇ ಒಂದು ಕೋಣೆಯಲ್ಲಿ ಮಕ್ಕಳಿಗೆ ಕನ್ನಡ ಅಕ್ಷರ ಹೇಳಿಕೊಟ್ಟು, ಕೊತ್ತಂಬರಿ ಸೊಪ್ಪು ಹಿಡಿದು ವಾಪಸ್ಸು. ಯಾರನ್ನೂ ಕೇಳದೆ ಅವಳು ಮಾಡುತ್ತಿದ್ದದ್ದು ಅದೊಂದೇ. ದಾರಿ ಬಿಟ್ಟರೆ ಇದ್ದದ್ದು ದೊಡ್ಡ ರಸ್ತೆ. ಸುತ್ತು, ಪಕ್ಕದಲ್ಲಿ ಕಾಲಿಡಲು ಜಾಗವಿಲ್ಲ, ಕಾರುಗಳು ಹಾರುತ್ತಿರುತ್ತವೆ.

ಆ ವರ್ಷ ನವರಾತ್ರಿಗೆ ಹ್ಯೂಸ್ಟನ್ನಿನಿಂದ ನೇರವಾಗಿ ಅವಳ ಮನೆಗೆ ಹೋದೆ. ದಾರಿಗೆ ಹೊರತಾದ, ನಮ್ಮವರ ಅಂಗಡಿಗಳಿರುವ ಸ್ಟಾಫರ್ಡ್‌ಗೂ ಹೋಗಿ ಕಡಲೆಕಾಳು, ಅರಿಸಿನ-ಕುಂಕುಮದ ಪೊಟ್ಟಣ ತರಬೇಕೆಂದು ಆಜ್ಞೆಯಾಗಿತ್ತು. ಡಾಲಸ್‌ನ ಕಡಲೆಕಾಳು ಬೇಯುವುದಿಲ್ಲ ಎಂಬುದು ಅವಳ ನಂಬಿಕೆ. ತಲುಪುವ ಹೊತ್ತಿಗೆ ಸೊಂಟ ಹಿಡಿದುಕೊಂಡಿತ್ತು.

ಬೊಂಬೆ ಕೂರಿಸುವುದು ಅರ್ಧ ಮುಗಿದಿತ್ತು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆಗಳು, ರಾಜ ಮತ್ತು ರಾಣಿ. ಕೆಳಗಿನ ಮೆಟ್ಟಿಲುಗಳಲ್ಲಿ ಸೈನ್ಯ, ಮದುವೆ, ಶೆಟ್ಟಿಯ ಅಂಗಡಿ. ನೆಲದ ಮೇಲೆ ಟ್ರೇಗಳಲ್ಲಿ ರಾಗಿ ಪೈರು ಬೆಳೆಸಿ ಮಾಡಿದ ಪಾರ್ಕು. ಹಿಂದಿನ ಗೋಡೆಗೆ ಪ್ರತಿ ವರ್ಷ ಮೈಸೂರು ಅರಮನೆಯ ದೀಪಾಲಂಕಾರದ ಚಿತ್ರ ಹಾಕುತ್ತಿದ್ದರು. ಈ ಸಲ ಅಲ್ಲಿ ಫ್ರಿಜ್ಜಿನ ಮೇಲಿದ್ದ ಹಾಳೆ ಇತ್ತು. ರಟ್ಟಿಗೆ ಅಂಟಿಸಿ, ಸುತ್ತಲೂ ಜರಿಯ ಅಂಚು ಕೊಟ್ಟಿದ್ದಳು.

"ನಮ್ಮೂರು ಅಲ್ವೇನೇ ಇದೂನೂ? ಎಷ್ಟು ವರ್ಷ ಅಂತ ಅರಮನೇನೇ ಹಾಕೋದು?" ಎಂದಳು ದೊಡ್ಡಮ್ಮ.

ಅರಿಸಿನ-ಕುಂಕುಮಕ್ಕೆ ಮೊದಲು ಬಂದವರು ಧಾರವಾಡದ ಕಡೆಯ ಒಬ್ಬ ಆಂಟಿ, ಅದೇ ಬೀದಿಯವರು. ಬಾಗಿಲಲ್ಲೇ ನಿಂತು ನೋಡಿದರು.

"ಇದ್ಯಾವ ಅರಮನಿರೀ? ಮೈಸೂರಿಂದಂತೂ ಅಲ್ಲ ಬಿಡ್ರಿ."

"ನಮ್ಮೂರಿನ ಹೊಸ ಸಿಟಿ ಹಾಲ್ ರೀ."

"ಮತ್ತ ರಾಜಾ ಯಾರು?"

ದೊಡ್ಡಪ್ಪ ಸೋಫಾದಿಂದಲೇ ಹೇಳಿದರು: "ಮೇಯರ್ ಇದಾರಲ್ಲ. ಮುಂದಿನ ಎಲೆಕ್ಷನ್ ತನಕ ಅವರೇ ರಾಜರು."

"ಹಂಗಾರ ಒಳ್ಳೇದಾತು. ಹಿಂದ ಅವರು, ಮುಂದ ನಮ್ಮ ಪಟ್ಟದ ಬೊಂಬಿ. ಅವರಿಗೂ ಒಬ್ರು ಯಜಮಾನ್ರು ಇರ್ಲಿ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಮತ್ತು ಅಭ್ಯಾಸದಂತೆ ಚಿತ್ರದಲ್ಲಿ ಏನಿಲ್ಲ ಎಂದು ಹುಡುಕತೊಡಗಿದೆ. ನಾನು ಬೇಕೆಂದು ಮಾಡಿದ್ದಲ್ಲ. ವರ್ಷಗಟ್ಟಲೆ ಅದೊಂದೇ ಕೆಲಸ ಮಾಡಿದ ಕಣ್ಣು ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಟೈರ್ ಅಂಗಡಿ ಇರಲಿಲ್ಲ. ನೀರಿನ ದೊಡ್ಡ ಟ್ಯಾಂಕು ಇರಲಿಲ್ಲ. ಬೇಲಿಗಳ ನಡುವಿನ ಸಂದಿ ಇರಲಿಲ್ಲ.

"ದೊಡ್ಡಮ್ಮ, ನೀನು ಲೈಬ್ರರಿಗೆ ಹೋಗೋ ದಾರಿ ಇದರಲ್ಲಿ ಎಲ್ಲಿದೆ?"

ಅವಳು ಕನ್ನಡಕ ಹಾಕಿಕೊಂಡು ಬಂದಳು. ತನ್ನ ಮನೆಯ ಮಾಡಿನ ಮೇಲೆ ಬೆರಳಿಟ್ಟಳು. "ಇದು ನಾವು. ಇದು ಇವರ ಮನೆ. ಇಲ್ಲಿ ಬೀದಿ ಮುಗಿಯತ್ತೆ. ಇಲ್ಲಿಂದ ಹೀಗೆ..." ಬೆರಳು ಮುಂದೆ ಹೋಗಲಿಲ್ಲ. ಸಂದಿಯ ಜಾಗದಲ್ಲಿ ಎಡೆಬಿಡದ ಗೋಡೆ, ಗೋಡೆಯ ಮುಂದೆ ಒಂದೇ ಎತ್ತರದ ಮರಗಳ ಸಾಲು, ಅದರಾಚೆ ನಗರಭವನಕ್ಕೆ ಬರುವವರ ಕಾರು ನಿಲ್ಲಿಸುವ ಜಾಗ. ಎಲ್ಲ ಚೊಕ್ಕಟವಾಗಿತ್ತು.

"ಮರದ ಹಿಂದೆ ಇರಬಹುದು" ಎಂದಳು.

ದೊಡ್ಡಮ್ಮನ ಮಗಳು, ಹೈಸ್ಕೂಲಿನಲ್ಲಿದ್ದ ನನ್ನ ತಂಗಿ, ಫೋನಿನಿಂದ ಕಣ್ಣೆತ್ತದೆ, "ಇಟ್ಸ್ ಜಸ್ಟ್ ಎ ಪಿಕ್ಚರ್, ಅಮ್ಮಾ" ಎಂದಳು.

"ಪಿಕ್ಚರ್ ಅಲ್ಲ ಅದು" ಎಂದರು ದೊಡ್ಡಪ್ಪ. "ಬೆಂಗಳೂರಲ್ಲಾದ್ರೆ ಲೇಔಟ್ ಪ್ಲಾನಲ್ಲಿ ಪಾರ್ಕು ಅಂತ ಬರೆದಿರ್ತಾರೆ, ಹೋಗಿ ನೋಡಿದ್ರೆ ಯಾರದೋ ಮನೆ ಎದ್ದಿರತ್ತೆ. ಇಲ್ಲಿ ಹಾಗಲ್ಲ. ಇಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿ ಮನೆಮನೆಗೆ ಕಳಿಸಿದಾರೆ ಅಂದ್ರೆ ಮುಗೀತು."

ನಾನು ಮೆಲ್ಲಗೆ, ಇದರ ಹಿಂದೆ ಏನಾದರೂ ಬರೆದಿತ್ತೇ ಎಂದು ಕೇಳಿದೆ. ಬರೆದಿತ್ತಂತೆ. ಊರಿನ ನಿವಾಸಿಗಳು ಸಭೆಗೆ ಬಂದು ಅಭಿಪ್ರಾಯ ಹೇಳಬಹುದು ಎಂದು. ದೊಡ್ಡಪ್ಪ ಓದಿದ್ದರು.

"ಅದು ಸಿಟಿಜನ್ಸ್‌ಗೆ. ನಮ್ಮದು ಗ್ರೀನ್ ಕಾರ್ಡು."

"ನಿವಾಸಿಗಳು ಅಂತ ಇದ್ರೆ ಅದ್ರಲ್ಲಿ ನೀವೂ ಬಂದ್ರಿ, ದೊಡ್ಡಪ್ಪ."

"ಓಟಿಲ್ಲದವನ ಮಾತು ಯಾರು ಕೇಳ್ತಾರೆ ಪುಟ್ಟಿ? ಸುಮ್ನೆ ಹೋಗಿ ಕೂತ್ಕೊಂಡು ಬರೋದು." ಆಮೇಲೆ, "ಚೆನ್ನಾಗೇ ಕಾಣ್ತಿತ್ತಲ್ಲ, ಅದಕ್ಕೆ ಇನ್ನೇನು ಹೇಳೋದು ಅನ್ಕೊಂಡೆ" ಎಂದರು.

ಹಾಳೆಯನ್ನು ರಟ್ಟಿಗೆ ಅಂಟಿಸಿಯಾಗಿದ್ದರಿಂದ ಹಿಂದಿನ ಬರಹ ಓದುವಂತಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದಾಗ, ಅಭಿಪ್ರಾಯ ಕೇಳುವ ಮೊದಲ ಸಭೆಗಳು ಮುಗಿದಿವೆ, ಹಬ್ಬದ ನಂತರ ಒಂದು ಕೊನೆಯದು ಇದೆ, ಅದರಲ್ಲೇ ಮತಕ್ಕೆ ಹಾಕುತ್ತಾರೆ ಎಂದು ಗೊತ್ತಾಯಿತು.

ಚಿತ್ರವನ್ನು ತೆಗೆದುಬಿಡೋಣವೇ ಎಂದು ಕೇಳಿದೆ. ದೊಡ್ಡಮ್ಮ ಒಪ್ಪಲಿಲ್ಲ. ಬೊಂಬೆ ಕೂರಿಸಿದ ಮೇಲೆ ವಿಜಯದಶಮಿಯವರೆಗೆ ಏನನ್ನೂ ಕದಲಿಸುವಂತಿಲ್ಲ. ಹೀಗಾಗಿ ನವರಾತ್ರಿಯ ಉದ್ದಕ್ಕೂ ಅದು ಅಲ್ಲೇ ಇತ್ತು. ನಾನು ಆಸ್ಟಿನ್‌ಗೆ ಹೋಗಿ ನಾನು ಮಾಡಬೇಕಾಗಿದ್ದ ತರಗತಿಗಳನ್ನು ಮುಗಿಸಿ ವಾರದ ಕೊನೆಗೆ ಮತ್ತೆ ಬಂದಾಗ ನೋಡಿದೆ: ಅರಿಸಿನ-ಕುಂಕುಮಕ್ಕೆ ಬಂದ ಹೆಂಗಸರನ್ನೆಲ್ಲ ಅವಳು ಬೊಂಬೆ ತೋರಿಸಿದ ಮೇಲೆ ಚಿತ್ರದ ಮುಂದೆ ನಿಲ್ಲಿಸುತ್ತಿದ್ದಳು. "ನಮ್ಮ ದಾರಿ ಹುಡುಕಿ ನೋಡೋಣ" ಎನ್ನುತ್ತಿದ್ದಳು, ಮಕ್ಕಳಿಗೆ ಒಗಟು ಹಾಕುವಂತೆ. ಅವರು ಉಸಲಿಯ ಬಟ್ಟಲು ಹಿಡಿದು ಬಗ್ಗಿ ಹುಡುಕುತ್ತಿದ್ದರು. ಮೊದಲು ಎಲ್ಲರೂ ಹುಡುಕುತ್ತಿದ್ದದ್ದು ತಮ್ಮ ಮನೆಯನ್ನು. ಸಿಕ್ಕಿದ ಕೂಡಲೇ ಸಂತೋಷ. ಕೆಲವರು ಫೋಟೋ ತೆಗೆದುಕೊಂಡರು. ದಾರಿ ಇಲ್ಲವೆಂದು ತೋರಿಸಿದರೆ, "ಅಯ್ಯೋ, ಹೌದಲ್ವಾ" ಎಂದು ಮತ್ತೆ ತಮ್ಮ ಮನೆಯನ್ನೇ ನೋಡುತ್ತಿದ್ದರು.

ಮಾರ್ಗದರ್ಶಕರ ಪ್ರಶ್ನೆ ನನಗೆ ಆಗ ನೆನಪಾಯಿತು. ನೋಡಿದವರು ಏನು ನೋಡಿದರು? ತಮ್ಮ ಮಾಡನ್ನು ನೋಡಿದರು. ಅದು ಆ ದೊಡ್ಡ ಭವನದ ಜೊತೆ ಒಂದೇ ಹಾಳೆಯಲ್ಲಿದೆ ಎಂಬುದನ್ನು ನೋಡಿದರು. ಅಷ್ಟು ಸಾಕಾಗಿತ್ತು. ಇದನ್ನು ನಾನು ಅಧ್ಯಾಯದಲ್ಲಿ ಬರೆಯುವಂತಿರಲಿಲ್ಲ. ದೊಡ್ಡಮ್ಮನ ಹಜಾರಕ್ಕೆ ಅಡಿಟಿಪ್ಪಣಿ ಹಾಕಲು ಬರುವುದಿಲ್ಲ.

ಸಭೆಗೆ ಬರುತ್ತೇವೆಂದು ಹಲವರು ಹೇಳಿದರು. ಆ ಸಂಜೆ ಒಬ್ಬರ ಮಗನಿಗೆ ಈಜು, ಒಬ್ಬರ ಮಗಳಿಗೆ ಭರತನಾಟ್ಯ, ಒಬ್ಬರ ಗಂಡನಿಗೆ ಆಫೀಸಿನ ಕಾಲ್. ಬಂದದ್ದು ಧಾರವಾಡದ ಆಂಟಿ ಮಾತ್ರ. ದೊಡ್ಡಪ್ಪ ನಮ್ಮನ್ನು ಕರೆದುಕೊಂಡು ಹೋಗಿ ಕೊನೆಯ ಸಾಲಿನಲ್ಲಿ ಕೂತರು.

"ನೀನೇ ಮಾತಾಡಬಾರದಾ? ಇದನ್ನೇ ಓದಿರೋದಲ್ವಾ ನೀನು?" ಎಂದು ದೊಡ್ಡಮ್ಮ ಕಾರಿನಲ್ಲಿ ಕೇಳಿದ್ದಳು.

"ನಾನು ಈ ಊರಿನವಳಲ್ಲ, ದೊಡ್ಡಮ್ಮ."

ನಿಜ ಅದೇ ಆಗಿತ್ತು. ಆದರೂ ಹೇಳಿದ ಮೇಲೆ ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ಹಳೆಯ ಕಟ್ಟಡದ ಒಂದು ತಗ್ಗು ಚಾವಣಿಯ ಸಭಾಂಗಣ. ವೇದಿಕೆಯ ಹಿಂದಿನ ಪರದೆಯ ಮೇಲೆ ಅದೇ ಚಿತ್ರ, ಗೋಡೆಯಗಲ. ಊರಿನ ಆಡಳಿತ ಮಂಡಳಿಯ ಸದಸ್ಯರು ಅದರ ಕೆಳಗೆ ಕೂತಿದ್ದರು; ನಗರಭವನದ ಗೋಪುರ ನಡುವೆ ಕೂತ ಮೇಯರ್ ತಲೆಯ ಮೇಲೆ ಸರಿಯಾಗಿ ಎದ್ದಿತ್ತು. ಬೊಂಬೆಯ ಮೆಟ್ಟಿಲು ನೆನಪಾಗಿ ಧಾರವಾಡದ ಆಂಟಿ ನನ್ನ ಮೊಣಕೈ ತಿವಿದರು.

ದೊಡ್ಡಮ್ಮನ ಸರದಿ ಬಂದಾಗ ಅವಳು ಸೀರೆಯ ಮೇಲಿನ ಸ್ವೆಟರ್ ಸರಿಮಾಡಿಕೊಂಡು ಮೈಕಿನ ಹತ್ತಿರ ಹೋದಳು. ಹೇಳಬೇಕಾದದ್ದನ್ನು ನಾವು ಇಬ್ಬರೂ ಕೂತು ಬರೆದಿದ್ದೆವು. ಅವಳು ಅದನ್ನೇ ಓದಿದಳು; ಬೇರೇನೂ ಸೇರಿಸಲಿಲ್ಲ. ತಾನು ಕಾರು ಓಡಿಸುವುದಿಲ್ಲ. ದಿನವೂ ಲೈಬ್ರರಿಗೆ ನಡೆದು ಹೋಗುತ್ತೇನೆ. ದಾರಿ ಚಿತ್ರದಲ್ಲಿಲ್ಲ. ಕೊನೆಯ ವಾಕ್ಯಕ್ಕೆ ಮೊದಲೇ ಸಮಯ ಮುಗಿದು ಮೇಜಿನ ಮೇಲಿನ ಹಸಿರು ದೀಪ ಕೆಂಪಾಯಿತು. ಅವಳು ಅಲ್ಲಿಗೇ ನಿಲ್ಲಿಸಿ ಥ್ಯಾಂಕ್ಯೂ ಎಂದಳು. ಓದದೆ ಉಳಿದ ಕೊನೆಯ ವಾಕ್ಯ: ಗೋಡೆಯಲ್ಲಿ ಒಂದು ಸಣ್ಣ ಗೇಟು ಇಟ್ಟರೆ ಸಾಕು.

ಮೇಯರ್ ನಗುತ್ತಾ, ನಿಮ್ಮಂಥವರು ನಮ್ಮ ಊರಿನಲ್ಲಿರುವುದು ನಮಗೆ ಹೆಮ್ಮೆ ಎಂದರು. ಯೋಜನೆಯ ಅಧಿಕಾರಿ ಎದ್ದು, ಇದು ಬರೀ ಕಲ್ಪನೆಯ ಚಿತ್ರ, ಇದರಲ್ಲಿರುವುದೆಲ್ಲ ಹೀಗೆಯೇ ಆಗುತ್ತದೆಂದು ತಿಳಿಯಬಾರದು ಎಂದು ವಿನಯದಿಂದ ವಿವರಿಸಿದರು. ಆಮೇಲೆ ಮತಕ್ಕೆ ಹಾಕಿದರು. ಯಾರೂ ವಿರೋಧಿಸಲಿಲ್ಲ.

ವಾಪಸ್ಸು ಬರುವಾಗ ದೊಡ್ಡಪ್ಪ, "ಎಷ್ಟು ಮರ್ಯಾದೆಯಿಂದ ಥ್ಯಾಂಕ್ಸ್ ಹೇಳಿದ್ರು ನೋಡು" ಎಂದರು.

"ಹೌದು" ಎಂದಳು ದೊಡ್ಡಮ್ಮ. "ಅಷ್ಟೇ ಆಗಿದ್ದು ಅಲ್ಲಿ."

ಹಿಂದಿನ ಸೀಟಿನಿಂದ ಆಂಟಿ, "ಕಲ್ಪನಾ ಅಂದ್ರಲ್ರೀ ಆ ಮನಷ್ಯಾ. ನಮ್ಮ ದಾರಿ ಕಲ್ಪನಾಕ್ಕೂ ಬರ್ಲಿಲ್ಲೇನು ಅವ್ರಿಗೆ?" ಎಂದರು.

ಮುಂದಿನ ವರ್ಷ ಗೋಡೆ ಎದ್ದಿತು. ದೊಡ್ಡಪ್ಪ ಊರಿನ ಕಚೇರಿಗೆ ಫೋನ್ ಮಾಡಿ ಕೇಳಿದರು. ಅಷ್ಟರ ಮಟ್ಟಿಗೆ ಅವರು ಬದಲಾಗಿದ್ದರು. ದಾರಿಯನ್ನು ಮುಚ್ಚಬೇಕೆಂದು ಯಾರೂ ತೀರ್ಮಾನ ಮಾಡಿರಲಿಲ್ಲವಂತೆ. ನಕ್ಷೆಯಲ್ಲಿ ದಾರಿ ಇರಲಿಲ್ಲ, ಆದ್ದರಿಂದ ಗುತ್ತಿಗೆಯವರು ಗೋಡೆಯನ್ನು ಉದ್ದಕ್ಕೂ ಕಟ್ಟಿದರು. ಇದನ್ನು ಹೇಳಿದ ಹುಡುಗಿ ತುಂಬಾ ಒಳ್ಳೆಯ ದನಿಯಲ್ಲಿ ಮಾತಾಡಿದಳು ಎಂದೂ ಸೇರಿಸಿದರು.

ದೊಡ್ಡಮ್ಮ ಕೆಲವು ದಿನ ದೊಡ್ಡ ರಸ್ತೆಯ ಅಂಚಿನಲ್ಲಿ ಹೋಗಿ ನೋಡಿದಳು. ಒಂದು ಸಲ ಲಾರಿಯ ಗಾಳಿಗೆ ಕೊಡೆ ಮಗುಚಿಕೊಂಡಿತು. ಆಮೇಲೆ ಬಿಟ್ಟಳು. ಶನಿವಾರದ ಕನ್ನಡದ ಪಾಠ ಯಾರದೋ ಮನೆಯ ಗರಾಜಿಗೆ ಹೋಯಿತು, ಆಮೇಲೆ ನಿಂತೂ ಹೋಯಿತು. ಲೈಬ್ರರಿಗೆ ಹೋಗುವುದೆಂದರೆ ದೊಡ್ಡಪ್ಪನಿಗೆ ಬಿಡುವಾದಾಗ. ಬೆಳಿಗ್ಗೆಯ ಹೊತ್ತು ಟೀವಿ ಹಾಕಿಕೊಂಡಿರುತ್ತಿದ್ದಳು. ನಾನು ಫೋನ್ ಮಾಡಿದರೆ ಹಿಂದೆ ಅದರ ಸದ್ದು ಕೇಳುತ್ತಿತ್ತು.

ನನ್ನ ಅಧ್ಯಾಯ ಕೊನೆಗೆ ಒಪ್ಪಿಗೆಯಾಯಿತು. ಮಾರ್ಗದರ್ಶಕರ ಪ್ರಶ್ನೆಗೆ ಉತ್ತರ ಸಿಕ್ಕಿದ್ದರಿಂದಲ್ಲ. ಇಂಥ ಚಿತ್ರಗಳು ಏನನ್ನು ಬಿಡುತ್ತವೋ ಅದನ್ನು ಅಳಿಸುವುದಿಲ್ಲ, ಅದು ಇತ್ತೇ ಎಂದು ಕೇಳುವ ಅಗತ್ಯವೇ ಇಲ್ಲದಂತೆ ಮಾಡುತ್ತವೆ ಎಂದು ಒಂದು ಪುಟ ಬರೆದಿದ್ದೆ. ಅವರು ಅದರ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಸಣ್ಣದೊಂದು ಗೆರೆ ಎಳೆದರು. ಅದಕ್ಕೆ ಆಧಾರ ಕೇಳಲಿಲ್ಲ. ಅವರಿಗೂ ಸಾಕಾಗಿತ್ತೇನೋ.

ನಗರಭವನ ತೆರೆಯುವ ಹೊತ್ತಿಗೆ ಮತ್ತೊಂದು ಹಾಳೆ ಅಂಚೆಯಲ್ಲಿ ಬಂತು. ನಾನು ಆ ವಾರ ಅಲ್ಲೇ ಇದ್ದೆ. ದೊಡ್ಡಮ್ಮ ಅದನ್ನು ಊಟದ ಮೇಜಿನ ಮೇಲೆ ಹರಡಿ ಕನ್ನಡಕ ಹಾಕಿಕೊಂಡಳು. ಈ ಸಲ ಮನೆ ಹುಡುಕಲಿಲ್ಲ. ನೇರವಾಗಿ ಚೌಕದಲ್ಲಿ ಓಡಾಡುವ ಜನರನ್ನು ನೋಡಿದಳು. ನಾಯಿ ಹಿಡಿದವರು, ಬಲೂನಿನವರು, ಗಾಲಿಕುರ್ಚಿಯವರು ಒಬ್ಬರು. ಕಾರಂಜಿಯ ಪಕ್ಕದಲ್ಲಿ, ಹಿಂದಿನ ಹಾಳೆಯಲ್ಲಿರದ, ಕಿತ್ತಳೆ ಬಣ್ಣದ ಸೀರೆಯುಟ್ಟ ಒಬ್ಬ ಹೆಂಗಸು ಒಬ್ಬಳೇ ನಡೆದು ಬರುತ್ತಿದ್ದಳು.

"ನೋಡು, ಅಮ್ಮಾ, ದೇ ಪುಟ್ ಯೂ ಇನ್" ಎಂದಳು ತಂಗಿ.

ದೊಡ್ಡಮ್ಮ ಹಾಳೆಯನ್ನು ಹತ್ತಿರ ತಂದುಕೊಂಡಳು. ಬಹಳ ಹೊತ್ತು ನೋಡಿದಳು.

"ಇವಳು ಅಲ್ಲಿಗೆ ಹೇಗೆ ಬಂದಳೋ" ಎಂದಳು. "ಯಾರೋ ಡ್ರಾಪ್ ಮಾಡಿರಬೇಕು."

ಹಾಳೆಯನ್ನು ಮಡಿಕೆಗಳಲ್ಲೇ ಮಡಿಸಿ ಹಳೆಯ ಪತ್ರಿಕೆಗಳ ಮೇಲಿಟ್ಟು, ಆಸ್ಟಿನ್‌ಗೆ ಹೊರಡುವ ಮುಂಚೆ ತನ್ನನ್ನು ಲೈಬ್ರರಿಗೆ ಬಿಡುತ್ತೀಯಾ ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ಬಿಟ್ಟೆ. ಬೀದಿಯಿಂದ ಹೊರಗೆ ಬಂದು, ದೊಡ್ಡ ರಸ್ತೆ ಹಿಡಿದು, ಸಿಗ್ನಲ್ಲುಗಳಲ್ಲಿ ನಿಂತು, ಹೊಸ ನಗರಭವನವನ್ನು ಸುತ್ತಿಕೊಂಡು ಹೋಗಬೇಕು. ಗೋಪುರದ ಗಡಿಯಾರ ಇನ್ನೂ ನಡೆಯುತ್ತಿರಲಿಲ್ಲ. ಚೌಕದಲ್ಲಿ ಯಾರೂ ಇರಲಿಲ್ಲ. ಗೋಡೆಯ ಮುಂದೆ ನೆಟ್ಟ ಮರಗಳು ಇನ್ನೂ ಕೋಲುಗಳಷ್ಟೇ ಇದ್ದು, ಅವುಗಳ ನಡುವೆ ಆಚೆ ಬದಿಯ ಮನೆಗಳ ಮಾಡುಗಳು ಕಾಣುತ್ತಿದ್ದವು. ಅವುಗಳಲ್ಲಿ ದೊಡ್ಡಮ್ಮನದು ಯಾವುದೆಂದು ಗುರುತಿಸಬಹುದಿತ್ತು. ಅವಳು ಆ ಕಡೆ ನೋಡಲಿಲ್ಲ.

ಲೈಬ್ರರಿಯ ಬಾಗಿಲಿಗೇ ಕಾರು ನಿಲ್ಲಿಸಿದೆ. ಅವಳ ಕೈಯಲ್ಲಿ ಕೊಡೆ ಇತ್ತು. ಮನೆಯಿಂದ ಹೊರಡುವಾಗ ತಾನಾಗಿಯೇ ಕೈಗೆ ಬಂದಿರಬೇಕು. ಕಾರಿನಿಂದ ಬಾಗಿಲಿಗೆ ಅದನ್ನು ಬಿಡಿಸುವಷ್ಟು ದೂರವಿರಲಿಲ್ಲ.